ಮನೆಯಲ್ಲೇ ಇರಲಾಗದವರು

ಡಯಾಲಿಸಿಸ್‌ಗೆ ಲಾಕ್‌ಡೌನ್ ಎಂಬುದಿಲ್ಲ. 2020ರ ಮಾರ್ಚ್‌ನಲ್ಲಿ ದೇಶವೆಲ್ಲ ಬಾಗಿಲು ಹಾಕಿ ಕೂತಾಗಲೂ ನಮ್ಮ ಬಾವ ಮಂಗಳವಾರ, ಗುರುವಾರ, ಶನಿವಾರ ಡೊಂಬಿವಲಿಯಿಂದ ಠಾಣೆಗೆ ಹೋಗಲೇಬೇಕಿತ್ತು. ಎರಡೂ ಕಿಡ್ನಿ ಕೈಕೊಟ್ಟಿದ್ದವು. ಸರದಿ ತಪ್ಪಿದರೆ ಮೈಯಲ್ಲಿ ನೀರು ತುಂಬಿ ಉಸಿರು ಕಟ್ಟುತ್ತದೆ. ರಕ್ತದಲ್ಲಿ ಪೊಟ್ಯಾಷಿಯಂ ಏರಿದರೆ ಹೃದಯವೇ ನಿಂತೀತು.

ಲೋಕಲ್ ರೈಲು ಬಂದ್ ಆದದ್ದರಿಂದ ಸಾರಥ್ಯ ನನ್ನದಾಯಿತು. ನಾಕಾದಲ್ಲಿ ಪೊಲೀಸರು ಕೇಳುವ ಮೊದಲೇ ಬಾವ ಎಡತೋಳು ಎತ್ತಿ ತೋರಿಸುತ್ತಿದ್ದರು. ಸೂಜಿ ಚುಚ್ಚಿಸಿಕೊಂಡು ಹಗ್ಗದ ಹಾಗೆ ಉಬ್ಬಿದ ಫಿಸ್ಟುಲಾ. ಅದೇ ಅವರ ಪಾಸ್.

ಬ್ಯಾಂಕಿನಲ್ಲಿ ಸಾಲದ ಅರ್ಜಿ ನೋಡಿ ನೋಡಿ ತಲೆ ಬೆಳ್ಳಗಾದವನು ನಾನು. ಒಂದು ಕಡೆ ರಿಸ್ಕ್ ಇದ್ದರೆ ಇನ್ನೊಂದು ಕಡೆ ಏನಾದರೂ ಭದ್ರತೆ ಇರುತ್ತದೆ. ಇಲ್ಲಿ ಎರಡೂ ಕಡೆ ರಿಸ್ಕೇ. ಮನೆಯಲ್ಲಿ ಕೂತರೆ ದಿನ ಎಣಿಸಬೇಕು. ಹೋದರೆ ಒಂದೇ ಹಾಲಿನಲ್ಲಿ ಏಳೆಂಟು ರೋಗಿಗಳ ನಡುವೆ ನಾಲ್ಕು ಗಂಟೆ ಮಲಗಬೇಕು. ಏಪ್ರಿಲ್‌ನಲ್ಲಿ ಅಲ್ಲಿನ ಟೆಕ್ನಿಷಿಯನ್ ಒಬ್ಬನಿಗೆ ಪಾಸಿಟಿವ್ ಬಂದು ಸೆಂಟರಿಗೆ ಬೀಗ ಬಿತ್ತು. ಬೇರೆ ಕಡೆ ವಿಚಾರಿಸಿದರೆ, ಮೊದಲು ಕೋವಿಡ್ ರಿಪೋರ್ಟ್ ತನ್ನಿ ಅಂದ್ರು. ರಿಪೋರ್ಟಿಗೆ ಎರಡು ದಿನ. ಆ ಎರಡು ರಾತ್ರಿ ಅಕ್ಕ ನೀರಿನ ಚೆಂಬನ್ನೇ ಅಡಗಿಸಿಟ್ಟಿದ್ದಳು.

ಊರಿಂದ ಸಲಹೆಗಳಿಗೇನೂ ಬರವಿರಲಿಲ್ಲ. ಕಷಾಯ ಕುಡಿಯಿರಿ, ಗಂಟೆಗೊಮ್ಮೆ ಬಿಸಿನೀರು ಕುಡಿಯಿರಿ, ಎಳನೀರು ಒಳ್ಳೇದು. ಬಾವನಿಗೆ ಇಡೀ ದಿನಕ್ಕೆ ಡಾಕ್ಟರು ಕೊಟ್ಟದ್ದು ಒಂದು ಲೀಟರ್, ಔಷಧಿ ನುಂಗುವ ಗುಟುಕೂ ಸೇರಿ. ಎಳನೀರಂತೂ ಪೊಟ್ಯಾಷಿಯಮ್ಮಿನ ಗಣಿ. ಎಲ್ಲರಿಗೂ ಒಳ್ಳೆಯದಾದದ್ದು ಇವರಿಗೆ ವಿಷ. ಫೋನಿನಲ್ಲಿ ಇದನ್ನು ಎಷ್ಟು ಜನರಿಗೆ ಅಂತ ಬಿಡಿಸಿ ಹೇಳುವುದು?

ಮೇ ತಿಂಗಳಲ್ಲಿ ಅಕ್ಕ, "ತಮ್ಮಾ, ನಮ್ಮನ್ನು ಕುಂದಾಪುರಕ್ಕೆ ಮುಟ್ಟಿಸಿಬಿಡು" ಅಂತ ಅಳಲು ಶುರುಮಾಡಿದಳು. ಅಷ್ಟರಲ್ಲಿ, ಮೇ 18ಕ್ಕೆ, ಮಹಾರಾಷ್ಟ್ರದವರು ತಿಂಗಳ ಕೊನೆಯವರೆಗೆ ಬರಬಾರದೆಂದು ಕರ್ನಾಟಕ ಸರ್ಕಾರವೇ ಹೇಳಿತು. ಬಾವನ ತಮ್ಮನೂ ಫೋನ್ ಮಾಡಿ, "ಈಗ ಬರುದು ಬೇಡ ಮಾರಾಯ್ರೆ, ಮನೇಲಿ ಅಮ್ಮ ಇದ್ದಾರೆ" ಅಂದ. ನನಗೆ ಅವನ ಮೇಲೆ ಸಿಟ್ಟಿಲ್ಲ. ಆ ಅಮ್ಮನಿಗೆ ತೊಂಬತ್ತು. ಆದರೆ ಪ್ರತಿ ಗಣೇಶ ಚೌತಿಗೆ ಮುಂಬೈಯವರು ಯಾವಾಗ ಬರುತ್ತಾರೆ ಎಂದು ಕೇಳುತ್ತಿದ್ದ ಊರು ಅದು. ಅಕ್ಕ ಆಮೇಲೆ ಊರಿನ ಸುದ್ದಿ ಎತ್ತಲಿಲ್ಲ.

ಬಾವ ಹೆದರಿದ್ದನ್ನು ನಾನು ನೋಡಲಿಲ್ಲ. ಕಾರಿನಲ್ಲಿ ಹಳೆಯ ಯಕ್ಷಗಾನದ ಪದ ಗುನುಗುತ್ತಾ ಕೂರುತ್ತಿದ್ದರು. ಹೆದರಿಕೆಯೆಲ್ಲ ಸ್ಟೇರಿಂಗ್ ಹಿಡಿದವನಿಗೆ. ಅವರನ್ನು ಒಳಗೆ ಬಿಟ್ಟು ಕಾರಿನಲ್ಲೇ ನಾಲ್ಕು ಗಂಟೆ ಕಾಯುವಾಗ, ಒಳಗೆ ಯಾರಾದರೂ ಕೆಮ್ಮಿದರೋ ಏನೋ ಎಂದು ಕಿವಿ ಅತ್ತಲೇ.

ಅರವತ್ತು ದಾಟಿದವರಿಗೆ 2021ರ ಮಾರ್ಚ್‌ನಲ್ಲಿ ಲಸಿಕೆ ಶುರುವಾಯಿತು. ನರ್ಸ್ ಎಡತೋಳಿಗೆ ಕೈ ಹಾಕಿದಾಗ ಬಾವ ಥಟ್ಟನೆ ಹಿಂದಕ್ಕೆಳೆದುಕೊಂಡು ಬಲತೋಳು ಮುಂದೆ ಮಾಡಿದರು. "ಇದಕ್ಕೆ ಚುಚ್ಚಿ ಸಿಸ್ಟರ್, ಅದು ನಾಳೆ ಡ್ಯೂಟಿಗೆ ಹೋಗ್ಬೇಕು."