ಅಪ್ಪನ ಸೈಕಲ್ಲು, ನನ್ನ ಲೆಕ್ಕ

ಪುಣೆಯನ್ನು ಒಂದು ಕಾಲಕ್ಕೆ ಸೈಕಲ್ಲುಗಳ ಊರು ಎನ್ನುತ್ತಿದ್ದರು. ನಾನು 1994ರಲ್ಲಿ ಬ್ಯಾಂಕಿನ ವರ್ಗಾವಣೆಯ ಮೇಲೆ ಇಲ್ಲಿಗೆ ಬರುವ ಹೊತ್ತಿಗೆ ಸ್ಕೂಟರುಗಳು ಆ ಹೆಸರನ್ನು ಕಿತ್ತುಕೊಳ್ಳತೊಡಗಿದ್ದವು. ಈಗ ಹಳೆಯ ಸೈಕಲ್ಲು ನೋಡಬೇಕೆಂದರೆ ಕರ್ವೆನಗರದಲ್ಲಿ ಅವಕ್ಕೆಂದೇ ಒಂದು ವಸ್ತುಸಂಗ್ರಹಾಲಯವಿದೆ. ನಮ್ಮ ಮನೆಯಲ್ಲೂ ಒಂದಿತ್ತು ಅನ್ನಿ: ಬಾಲ್ಕನಿಯಲ್ಲಿ, ಹಳೆ ಚಾದರ ಹೊದ್ದು ನಿಂತಿದ್ದ ಅಪ್ಪನ ಅಟ್ಲಾಸ್.

ನಿವೃತ್ತಿಯಾದ ಮೇಲೆ ಸೈಕಲ್ಲು ತುಳಿಯುವ ಮನಸ್ಸಾಯಿತು. ಮಗ ಒಂದು ಹೊಸ ‘ಸಿಂಗಲ್ ಸ್ಪೀಡ್’ ತೋರಿಸಿದ. 7,500 ರೂಪಾಯಿ. ಗೇರಿಲ್ಲ, ಕ್ಯಾರಿಯರ್ ಇಲ್ಲ, ಮಡ್‌ಗಾರ್ಡ್ ಇಲ್ಲ. ಇಲ್ಲದ್ದೇ ಅದರ ಹೆಚ್ಚುಗಾರಿಕೆ! ನನಗೆ ನಗು ಬಂತು. ಗದಗ ಜಿಲ್ಲೆಯ ನಮ್ಮೂರಲ್ಲಿ ಇದ್ದವೆಲ್ಲ ಸಿಂಗಲ್ ಸ್ಪೀಡೇ ಅಲ್ಲವೇ?

‘ಹಂಗಾದ್ರ ಅದನ್ನ ರಿಪೇರಿ ಮಾಡಿಸ್ತೀರೇನು? ಹಳೇ ಕಬ್ಬಿಣಕ್ಕ ಯಾಕ ರೊಕ್ಕ ಸುರೀತೀರಿ?’ ಎಂದಳು ನನ್ನಾಕೆ. ನ್ಯಾಯವಾದ ಪ್ರಶ್ನೆ. ಎಂ.ಕಾಂ. ಓದಿದವನು ಉತ್ತರವನ್ನು ಅಂಕಿಯಲ್ಲೇ ಕೊಡಬೇಕು.

ಪೇಟೆಯ ಸಂದಿಯಲ್ಲಿದ್ದ ಮಿಸ್ತ್ರಿಯ ಹತ್ತಿರ ಒಯ್ದೆ. ಆತ ಮೊದಲು ನೋಡಿದ್ದು ಫ್ರೇಮು. ಹಿಂಚಕ್ರ ಕೂರುವ ಒಂದು ಕೊನೆಗೆ ದಾರ ಕಟ್ಟಿ, ಮುಂದಿನ ಹ್ಯಾಂಡಲ್ ಕೊಳವೆಯನ್ನು ಬಳಸಿ, ಇನ್ನೊಂದು ಕೊನೆಗೆ ತಂದ. ಸೀಟಿನ ಕೊಳವೆಗೂ ದಾರಕ್ಕೂ ಎರಡು ಬದಿ ಒಂದೇ ಅಂತರವಿದ್ದರೆ ಫ್ರೇಮು ನೆಟ್ಟಗಿದೆ ಎಂದರ್ಥ. ಬೆಸುಗೆಗಳಲ್ಲಿ ಬಿರುಕಿದೆಯೇ, ಪೆಡಲಿನ ಅಚ್ಚು ಕೂರುವಲ್ಲಿ ಮರೆ ಸವೆದಿದೆಯೇ ಎಂದೂ ಪರೀಕ್ಷಿಸಿದ. ಇವುಗಳಲ್ಲಿ ಒಂದು ಕೆಟ್ಟಿದ್ದರೂ ಹೊಸದು ಕೊಳ್ಳುವುದೇ ಜಾಣತನ. ‘ಕಾಕಾ, ಲೋಖಂಡ ಚಾಂಗಲಂ ಆಹೇ’ ಅಂದ. ಕಬ್ಬಿಣ ಚೆನ್ನಾಗಿದೆ!

ಖರ್ಚು ಹೀಗೆ: ರಿಮ್ಮು, ಕಡ್ಡಿ 1,400, ಟೈರು-ಟ್ಯೂಬು 900, ಚೈನು, ಫ್ರೀವೀಲು 400, ಪೆಡಲು, ಕಾಟರ್ ಪಿನ್ನು 300, ಬ್ರೇಕು 350, ಸೀಟು 450, ಕೂಲಿ 1,000. ಒಟ್ಟು 4,800. ಉಳಿತಾಯ 2,700. ಅಟ್ಲಾಸ್ ಕಂಪನಿಯ ಸಾಹಿಬಾಬಾದ್ ಕಾರ್ಖಾನೆ 2020ರ ಜೂನ್ 3ರಂದು, ವಿಶ್ವ ಸೈಕಲ್ ದಿನದಂದೇ, ನಿಂತುಹೋಯಿತು. ಆದರೆ 28 ಇಂಚಿನ ಈ ಕರಿ ಸೈಕಲ್ಲುಗಳ ಭಾಗಗಳು ಕಂಪನಿ ಯಾವುದಾದರೂ ಹೆಚ್ಚುಕಡಿಮೆ ಒಂದೇ ಅಳತೆಯವು. ಬಿಡಿಭಾಗಕ್ಕೆ ಅಲೆಯಬೇಕಾಗಲಿಲ್ಲ.

ಒಂದು ಬದಲಾವಣೆ ಮಾತ್ರ ಮಾಡಿಸಿದೆ. ಮುಂದೆ 44 ಹಲ್ಲು, ಹಿಂದೆ 18 ಇತ್ತು. ಒಂದು ಸುತ್ತು ತುಳಿದರೆ ಸುಮಾರು 5.4 ಮೀಟರ್ ಓಡುತ್ತಿತ್ತು. ಹಿಂದೆ 20 ಹಲ್ಲಿನದು ಹಾಕಿಸಿದೆ. ಈಗ 4.9 ಮೀಟರ್. ವೇಗ ಕಡಿಮೆ, ಆದರೆ ಕೋಥರೂಡಿನ ಏರಿನಲ್ಲಿ ಅರವತ್ತು ದಾಟಿದ ಮೊಣಕಾಲು ಮಿಸ್ತ್ರಿಯನ್ನು ಹರಸುತ್ತದೆ.

ಜಗಳವಾದದ್ದು ಚೈನ್ ಕವರಿನ ವಿಷಯಕ್ಕೆ. ಅದನ್ನು ಬಿಸಾಡಿ, ಫ್ರೇಮಿಗೆ ಹೊಸ ಬಣ್ಣ ಹೊಡೆದರೆ ಥೇಟ್ ಹೊಸಾ ಫ್ಯಾಶನ್ನಿನ ಸೈಕಲ್ಲಾಗುತ್ತದೆ ಎಂದ ಮಿಸ್ತ್ರಿ. ಮಗನೂ ಹೂಂಗುಟ್ಟಿದ. ಆ ಕವರಿನ ಮೇಲೆ ಹಳದಿ ಬಣ್ಣದಲ್ಲಿ ಅಪ್ಪನ ಹೆಸರು, ಕೆಳಗೆ ನಮ್ಮೂರಿನ ಹೆಸರು, ದುಂಡಗಿನ ಕನ್ನಡದಲ್ಲಿ ಬರೆಸಿದ್ದಾರೆ. ಪ್ರೈಮರಿ ಶಾಲೆಯ ಮಾಸ್ತರರಾಗಿದ್ದ ಅಪ್ಪ ಕಂತಿನ ಮೇಲೆ ಕೊಂಡ ಸೈಕಲ್ಲದು. ಅವರು ತೀರಿಕೊಂಡ ಮೇಲೆ, 2019ರಲ್ಲಿ, ಊರ ಮನೆ ಮಾರಿದೆವು. ನನ್ನ ಪಾಲಿಗೆ ಬಂದ ಹಣ ಠೇವಣಿಯಾಯಿತು. ಸೈಕಲ್ಲು ಲಾರಿಯಲ್ಲಿ ಪುಣೆಗೆ ಬಂತು. ಈಗ ನಮ್ಮ ಮನೆಯಲ್ಲಿ ಆ ಊರಿನ ಹೆಸರು ಬರೆದಿರುವುದು ಅದೊಂದರ ಮೇಲೇ. ಬ್ಯಾಂಕಿನ ಲೆಕ್ಕದಲ್ಲಿ ಸವಕಳಿ ಕಳೆದು ಅದರ ಬೆಲೆ ಸೊನ್ನೆ. ‘ಕವರ್ ಇರಲಿ’ ಅಂದೆ. ಯಾರೂ ಮತ್ತೆ ಮಾತಾಡಲಿಲ್ಲ.

ಮೊನ್ನೆ ಮುಂಜಾನೆ ಸಿಗ್ನಲ್ಲಿನಲ್ಲಿ ಕಾಲೂರಿ ನಿಂತಿದ್ದೆ. ಕಟ್ಟಡದ ಕೆಲಸಕ್ಕೆ ಹೊರಟಿದ್ದ ಹುಡುಗನೊಬ್ಬ ಬಗ್ಗಿ, ಕವರಿನ ಮೇಲಿನ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿ ಓದಿದ.

‘ಯಜಮಾನ್ರ, ನೀವು ನಮ್ಮ ಕಡಿಯವರೇನ್ರಿ?’

ಅವನು ಯಾದಗಿರಿ ಕಡೆಯವನು. ಪುಣೆಗೆ ಬಂದು ಎಂಟು ತಿಂಗಳಾಗಿತ್ತಂತೆ. ಹಸಿರು ದೀಪ ಬಂದು, ಹಿಂದಿನವರು ಹಾರ್ನ್ ಹೊಡೆದರೂ ನಾವಿಬ್ಬರೂ ರಸ್ತೆಯ ಬದಿಗೆ ಸರಿದು ಮಾತಾಡುತ್ತಲೇ ಇದ್ದೆವು.