ಕೃಷ್ಣೆಯ ದಂಡೆಯಿಂದ ಆಕಾಶದ ದಾರಿಗೆ

ಮಕ್ಕಳೇ, ರಾಯಚೂರಿನಿಂದ ಹೈದರಾಬಾದಿನ ರಸ್ತೆ ಹಿಡಿದು ಸುಮಾರು 20 ಕಿಲೋಮೀಟರ್ ಬಂದರೆ ನಮ್ಮೂರು ದೇವಸುಗೂರು. ಒಂದು ಕಡೆ ಸೂಗೂರೇಶ್ವರನ ಗುಡಿ, ಇನ್ನೊಂದು ಕಡೆ ಶಕ್ತಿನಗರದ ವಿದ್ಯುತ್ ಕೇಂದ್ರದ ಎತ್ತರದ ಚಿಮಣಿಗಳು. 1985ರಿಂದ ಇಲ್ಲಿ ಕರೆಂಟು ತಯಾರಾಗುತ್ತಿದೆ. ಅದರಾಚೆ ಕೃಷ್ಣಾ ಹೊಳೆ. ಹೊಳೆಗೆ ನಿಜಾಮರ ಕಾಲದ ಸೇತುವೆ. ಅದು ಮುಗಿದದ್ದು 1943ರಲ್ಲಿ. ಅದಕ್ಕೂ ಮುಂಚೆ ಹರಿಗೋಲೇ ಗತಿ, ಹೊಳೆ ತುಂಬಿದರೆ ಆಚೆಯವರು ಆಚೆ, ಈಚೆಯವರು ಈಚೆ ಎಂದು ನಮ್ಮ ತಂದೆ ಹೇಳುತ್ತಿದ್ದರು.

ರೈಲು ಮಾತ್ರ ಸೇತುವೆಗಿಂತ ಬಹಳ ಮೊದಲೇ ಬಂತು. ಮುಂಬೈ ಕಡೆಯ ಹಳಿ ಮತ್ತು ಮದ್ರಾಸಿನ ಕಡೆಯ ಹಳಿ 1871ರಲ್ಲಿ ಒಂದಕ್ಕೊಂದು ಸೇರಿದ್ದು ನಮ್ಮ ರಾಯಚೂರಿನಲ್ಲೇ!

ಮೊನ್ನೆ ರಜೆಯಲ್ಲಿ ಮೊಮ್ಮಗಳ ಜೊತೆ ಬಸ್ಸಿನಲ್ಲಿ ರಾಯಚೂರಿಗೆ ಹೊರಟಿದ್ದೆ. ಯರಮರಸ್ ಬಂದಾಗ, "ಇಲ್ಲೇ ನೋಡವ್ವ, ನಮ್ಮ ಜಿಲ್ಲೆಯ ವಿಮಾನ ನಿಲ್ದಾಣ ಆಗೋದು" ಎಂದೆ.

"ಹಂಗಾದ್ರ ದಿನಾ ವಿಮಾನ ಬರ್ತದೇನು ತಾತಾ?"

ಸುಲಭದ ಪ್ರಶ್ನೆಯಲ್ಲ. ನಿಲ್ದಾಣ ಕಟ್ಟುವುದು ಒಂದು ಕೆಲಸ, ವಿಮಾನ ನಿಲ್ಲದೆ ಬರುವಂತೆ ನೋಡಿಕೊಳ್ಳುವುದು ಇನ್ನೊಂದು. ಕಲಬುರಗಿಯ ನಿಲ್ದಾಣ ಶುರುವಾದದ್ದು 2019ರ ನವೆಂಬರ್ 22ರಂದು. ಬೀದರಿನಿಂದ ಬೆಂಗಳೂರಿಗೆ ವಿಮಾನ ಹಾರಿದ್ದು 2020ರ ಫೆಬ್ರವರಿಯಲ್ಲಿ. ಅದು ನಡುವೆ ನಿಂತಿತು. 2022ರಲ್ಲಿ ಮತ್ತೆ ಬಂತು. 2023ರ ಕೊನೆಗೆ ಮತ್ತೆ ನಿಂತಿತು. 2025ರಲ್ಲಿ ಇನ್ನೊಮ್ಮೆ ಶುರುವಾಯಿತು.

"ಯಾಕ ಹಿಂಗ?" ಎಂದಳು.

ನಮ್ಮ ಹಳ್ಳಿ ಬಸ್ಸಿನ ಲೆಕ್ಕವೇ ಇದು ಎಂದು ವಿವರಿಸಿದೆ. ಸೀಟು ಖಾಲಿ ಇದ್ದರೂ ಎಣ್ಣೆ ಸುಡುತ್ತದೆ, ಪೈಲಟ್‌ಗೆ ಸಂಬಳ ಕೊಡಬೇಕು. ಸಣ್ಣ ಊರುಗಳಿಗೆ ಹಾರುವ ವಿಮಾನಗಳಲ್ಲಿ 50ರಿಂದ 80 ಸೀಟು. ಅರ್ಧವೇ ತುಂಬಿದರೆ ನಷ್ಟ. ಅದಕ್ಕೇ ಕೇಂದ್ರ ಸರ್ಕಾರ 'ಉಡಾನ್' ಯೋಜನೆ ತಂದಿತು. ಅದರ ಮೊದಲ ವಿಮಾನ 2017ರ ಏಪ್ರಿಲ್ 27ರಂದು ಶಿಮ್ಲಾದಿಂದ ದೆಹಲಿಗೆ ಹಾರಿತು. ಕೆಲವು ಸೀಟುಗಳನ್ನು ಕಡಿಮೆ ದರಕ್ಕೆ ಕೊಡಬೇಕು. ಅದರಿಂದ ಆಗುವ ನಷ್ಟವನ್ನು ಸರ್ಕಾರ ತುಂಬಿಕೊಡುತ್ತದೆ. ಆದರೆ ಅದು ಮೂರು ವರ್ಷ ಮಾತ್ರ. ಆಮೇಲೆ ಪ್ರಯಾಣಿಕರೇ ಆ ದಾರಿಯನ್ನು ಉಳಿಸಿಕೊಳ್ಳಬೇಕು.

"ವಿಮಾನ ಯಾಕ ಬೇಕು ತಾತಾ, ರೈಲು ಅದ ಅಲ್ಲ?"

ಆಗ ನನ್ನ ಅಕ್ಕನ ನೆನಪಾಯಿತು. ಬೆಂಗಳೂರಿನ ಆಸ್ಪತ್ರೆಯಲ್ಲಿ ಅವಳಿಗೆ ಕಾಯಿಲೆ ಜೋರಾಯಿತೆಂದು ಸಂಜೆ ಫೋನು ಬಂತು. ರಾತ್ರಿಯ ರೈಲು ಹಿಡಿದೆ. ಬೆಳಿಗ್ಗೆ ತಲುಪುವಷ್ಟರಲ್ಲಿ ಅಕ್ಕನ ಮಾತು ನಿಂತಿತ್ತು. ನನ್ನ ಕೈ ಹಿಡಿದುಕೊಂಡಳು, ಅಷ್ಟೇ. ಕಲಬುರಗಿಯಿಂದ ಹಾರಿದರೆ ಬೆಂಗಳೂರು ಹೆಚ್ಚು ಕಡಿಮೆ ಒಂದೇ ತಾಸು. ಆದರೆ ನಮ್ಮೂರಿನಿಂದ ಕಲಬುರಗಿ ಮುಟ್ಟಲು ರಸ್ತೆಯಲ್ಲೇ ಮೂರು ತಾಸು ದಾಟುತ್ತದೆ.

ಮೊಮ್ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಯರಮರಸಿಂದ ಮೊದಲನೇ ವಿಮಾನ ಹೊಂಟಾಗ ನಾವಿಬ್ರೂ ಹೋಗೋಣು ತಾತಾ. ಎರಡು ಸೀಟು ತುಂಬ್ತಾವ" ಎಂದಳು.

"ಹೋಗೋಣವ್ವ."

"ನಾ ಕಿಟಕಿ ಕಡೆ ಕೂಡ್ತೀನಿ. ಮ್ಯಾಲಿಂದ ನಮ್ಮ ಸೇತುವೆ ಕಾಣ್ತದೇನು?"

ನನಗೂ ಅದನ್ನು ನೋಡಬೇಕೆನಿಸಿದೆ. ಮಕ್ಕಳೇ, ನಿಮ್ಮೂರಿಗೆ ಮೊದಲ ಬಸ್ಸು ಬಂದ ದಿನ ಹೇಗಿತ್ತು ಎಂದು ಇವತ್ತು ನಿಮ್ಮ ಅಜ್ಜ ಅಜ್ಜಿಯರನ್ನು ಕೇಳಿ ನೋಡಿ.