ನೋಡಿಕೊಳ್ಳುವವರು

ಕನ್ನಡದಲ್ಲಿ ‘ನೋಡು’ ಎಂಬುದು ಒಂದು ಮಾತು, ‘ನೋಡಿಕೊಳ್ಳು’ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಕಣ್ಣಿದ್ದರೆ ಸಾಕು. ಎರಡನೆಯದಕ್ಕೆ ಕಣ್ಣಿನೊಡನೆ ಮನಸ್ಸೂ ಬೇಕು, ಕೈಯೂ ಬೇಕು. ಎಷ್ಟೋ ವೇಳೆ ತನ್ನ ನಿದ್ರೆಯನ್ನು ಬಿಡುವ ಸಿದ್ಧತೆಯೂ ಬೇಕು. ಹಿರಿಯರನ್ನು ಕಳೆದುಕೊಂಡ ಒಂದು ಸಂಸಾರದ ಪ್ರಸ್ತಾಪ ಬಂದಾಗ ‘ಇನ್ನು ಆ ಮನೆಯನ್ನು ಆಳುವವರು ಯಾರು?’ ಎಂದು ನಮ್ಮ ಜನರು ಕೇಳುವುದಿಲ್ಲ, ‘ನೋಡಿಕೊಳ್ಳುವವರು ಯಾರು?’ ಎಂದು ಕೇಳುತ್ತಾರೆ. ತೋಟಕ್ಕೂ ದನಕರುಗಳಿಗೂ ಹಾಸಿಗೆ ಹಿಡಿದವರಿಗೂ ಇದೇ ಮಾತು ಸಲ್ಲುತ್ತದೆ. ಹತ್ತು ಜನರನ್ನು ಮುನ್ನಡೆಸುವ ವಿದ್ಯೆಯ ಸಾರವೆಲ್ಲ ಈ ಒಂದು ಮಾತಿನೊಳಗೆ ಅಡಗಿದೆಯೆಂದು ನಮಗೆ ಅನೇಕ ಸಲ ತೋರಿದೆ.

‘ಯಜಮಾನ’ ಎಂಬ ಶಬ್ದವನ್ನಾದರೂ ನೋಡೋಣ. ಸಂಸ್ಕೃತದಲ್ಲಿ ಅದಕ್ಕೆ ಯಜ್ಞವನ್ನು ಮಾಡಿಸುವವನು ಎಂದು ಅರ್ಥ. ತನ್ನ ದ್ರವ್ಯವನ್ನು ವೆಚ್ಚಮಾಡಿ, ದೀಕ್ಷೆಯ ಕಷ್ಟವನ್ನು ಹೊತ್ತು, ಋತ್ವಿಜರಿಗೆ ದಕ್ಷಿಣೆಯನ್ನು ಕೊಡತಕ್ಕವನು ಅವನು. ಆ ಶಬ್ದವು ನಮ್ಮ ಮನೆಗಳಿಗೆ ಬಂದು ಸವೆಯುತ್ತ ಸವೆಯುತ್ತ, ಕೊಡುವವನೆಂಬ ಅರ್ಥವು ಮರೆಯಾಗಿ, ಅಪ್ಪಣೆ ಮಾಡುವವನೆಂಬ ಅರ್ಥವೊಂದೇ ಉಳಿದುಕೊಂಡಿತು. ಶಬ್ದಕ್ಕೆ ಆದ ಗತಿಯೇ ಎಷ್ಟೋ ಕಡೆಗಳಲ್ಲಿ ಯಜಮಾನಿಕೆಗೂ ಆಗಿದೆ.

ಈ ವಿಚಾರವನ್ನು ನಾವು ಹೀಗೆ ಬಿಡಿಸಿ ನೋಡುವುದಕ್ಕೆ ಒಂದು ನಿಮಿತ್ತವುಂಟು. ನಮ್ಮ ಅಣ್ಣನ ಮಗಳು ಪಟ್ಟಣದ ಒಂದು ಆಸ್ಪತ್ರೆಯಲ್ಲಿ ದಾದಿಯಾಗಿದ್ದಾಳೆ. ಅವಳ ಕೆಲಸವನ್ನು ಮೆಚ್ಚಿ ಮೇಲಿನವರು ಒಂದು ವಾರ್ಡಿನ ಮೇಲ್ವಿಚಾರಣೆಯನ್ನು ಅವಳಿಗೆ ವಹಿಸಿದರು. ಹದಿನಾಲ್ಕು ಮಂದಿ ದಾದಿಯರು ಅವಳ ಕೈಕೆಳಗೆ ಬಂದರು. ಎರಡು ತಿಂಗಳು ಕಳೆಯುವಷ್ಟರಲ್ಲಿ ಅವರಲ್ಲಿ ಮೂವರು ತಮ್ಮನ್ನು ಬೇರೆ ವಾರ್ಡಿಗೆ ಹಾಕಬೇಕೆಂದು ಅರ್ಜಿ ಕೊಟ್ಟರು. ಅವಳನ್ನು ಎರಡು ದಿನಗಳ ನಾಯಕತ್ವದ ಶಿಬಿರಕ್ಕೆ ಕಳುಹಿಸಲಾಯಿತು. ಅಲ್ಲಿಂದ ಅವಳು ಒಂದು ಪುಸ್ತಕದ ತುಂಬ ಬರೆದುಕೊಂಡು ಬಂದು, ‘ಚಿಕ್ಕಪ್ಪ, ಇದರಲ್ಲಿ ಬರೆದುದೆಲ್ಲ ಸರಿಯಾಗಿಯೇ ಇದೆ. ಆದರೆ ಇದನ್ನು ಮಾಡಿ ತೋರಿಸುವವರನ್ನು ನಾನು ಎಲ್ಲಿ ನೋಡಲಿ?’ ಎಂದು ಕೇಳಿದಳು. ಅವಳ ಧ್ವನಿಯಲ್ಲಿ ದಣಿವಿತ್ತು. ಆ ವಾರ್ಡಿನ ಹಾಸಿಗೆಗಳ ಮೇಲೆ ಮಲಗಿರುವವರ ಸುಖದುಃಖಗಳು ಆ ಹದಿನಾಲ್ಕು ಮಂದಿಯ ಮನಸ್ಸಿನ ಸ್ಥಿತಿಯನ್ನು ಅವಲಂಬಿಸಿವೆಯೆಂಬುದನ್ನು ಅವಳೂ ಬಲ್ಲಳು, ನಾವೂ ಬಲ್ಲೆವು. ಆದುದರಿಂದ ಪ್ರಶ್ನೆಯು ಹಗುರವಾದುದಾಗಿರಲಿಲ್ಲ. ಆ ದಿನ ನಾವು ಅವಳಿಗೆ ಹೇಳಿದ ಕೆಲವು ಸಂಗತಿಗಳನ್ನೇ ಇಲ್ಲಿ ವಾಚಕರ ಮುಂದಿಡುತ್ತಿದ್ದೇವೆ.

ಮೊದಲು ನೆನಪಿಗೆ ಬಂದವರು ನಮ್ಮ ದೊಡ್ಡಮ್ಮ. ಮಲೆನಾಡಿನ ಅಡಿಕೆಯ ಮನೆಗಳಲ್ಲಿ ಕೊಯ್ಲಿನ ಕಾಲವೆಂದರೆ ಎಷ್ಟು ಗಡಿಬಿಡಿಯೆಂಬುದು ಅಲ್ಲಿಯವರಿಗೆ ಗೊತ್ತು. ಕೊಯ್ದ ಹಸಿ ಅಡಿಕೆಯನ್ನು ಬಹಳ ದಿನ ಇಡುವಂತಿಲ್ಲ. ಬೇಗ ಸುಲಿದು, ಬೇಯಿಸಿ, ಒಣಹಾಕಬೇಕು. ನಮ್ಮ ಬಾಲ್ಯದಲ್ಲಿ ಸಂಜೆಯಾಯಿತೆಂದರೆ ಅಂಗಳದ ಚಪ್ಪರದ ಕೆಳಗೆ ಇಪ್ಪತ್ತು ಇಪ್ಪತ್ತೈದು ಮಂದಿ ಮೆಟ್ಟುಗತ್ತಿಯ ಮುಂದೆ ಕುಳಿತು ಅಡಿಕೆ ಸುಲಿಯುತ್ತಿದ್ದರು. ಸುಲಿದುದನ್ನು ಅಳೆದು ಅಳತೆಯ ಮೇಲೆ ಕೂಲಿ. ಲೆಕ್ಕದ ಪುಸ್ತಕ ದೊಡ್ಡಪ್ಪನವರ ಕೈಯಲ್ಲಿ. ಆದರೆ ಯಾರು ಎಲ್ಲಿ ಕುಳಿತುಕೊಳ್ಳಬೇಕೆಂಬುದು ದೊಡ್ಡಮ್ಮನ ವಿವೇಚನೆಗೆ ಸೇರಿದ್ದು. ಕಣ್ಣು ಮಂದವಾದವರ ಪಕ್ಕಕ್ಕೆ ದೀಪ. ಎಳೆಯ ಮಗುವನ್ನು ಒಳಗೆ ಮಲಗಿಸಿ ಬಂದ ತಾಯಿಗೆ ಬಾಗಿಲ ಹತ್ತಿರದ ಜಾಗ. ಹಿಂದಿನ ದಿನ ಮಾತಿಗೆ ಮಾತು ಬೆಳೆಸಿದ ಇಬ್ಬರಿಗೆ ಚಪ್ಪರದ ಎರಡು ತುದಿಗಳು. ಇದನ್ನೆಲ್ಲ ಅವರು ಯಾರಿಗೂ ತಿಳಿಸಿ ಮಾಡುತ್ತಿರಲಿಲ್ಲ.

ಆ ಕೂಟದಲ್ಲಿ ವಯಸ್ಸಾದ ಒಬ್ಬ ಹೆಂಗಸಿದ್ದಳು. ಚಳಿಗೆ ಅವಳ ಬೆರಳುಗಳು ಸೆಟೆದುಕೊಳ್ಳುತ್ತಿದ್ದುವು. ಉಳಿದವರು ಎರಡು ಅಳತೆ ಮುಗಿಸುವ ಹೊತ್ತಿಗೆ ಅವಳದು ಒಂದೂ ತುಂಬುತ್ತಿರಲಿಲ್ಲ. ಅವಳಿಗೆ ಕೂಲಿಯನ್ನು ಹೆಚ್ಚಿಸಿ ಕೊಟ್ಟರೆ ಉಳಿದವರಿಗೆ ಅನ್ಯಾಯ. ಬಿಟ್ಟಿಯಾಗಿ ಕೊಟ್ಟರೆ ಅವಳಿಗೆ ಅವಮಾನ. ದೊಡ್ಡಮ್ಮ ಮಾಡುತ್ತಿದ್ದುದಿಷ್ಟೆ: ದಪ್ಪ ಅಡಿಕೆಯ ಗೊನೆಗಳು ಬಂದ ಬುಟ್ಟಿಯನ್ನು ಅವಳ ಮುಂದೆ ಸರಿಸುತ್ತಿದ್ದರು. ದಪ್ಪ ಕಾಯಿಯಾದರೆ ಕಡಮೆ ಕಾಯಿಗೆ ಅಳತೆ ತುಂಬುತ್ತದೆ. ಅವಳು ದುಡಿದೇ ಸಂಪಾದಿಸಿದಳು. ಲೆಕ್ಕವೂ ಕೆಡಲಿಲ್ಲ, ಮರ್ಯಾದೆಯೂ ಕೆಡಲಿಲ್ಲ. ಆ ಬುಟ್ಟಿಯ ರಹಸ್ಯವು ಕೂಡಿದವರಲ್ಲಿ ಬಹು ಜನಕ್ಕೆ ತಿಳಿದಿತ್ತೆಂದೂ, ತಿಳಿದೂ ಒಬ್ಬರಾದರೂ ಆಕ್ಷೇಪಿಸಲಿಲ್ಲವೆಂದೂ ನಾವು ಬಹಳ ವರ್ಷಗಳ ಮೇಲೆ ಕೇಳಿ ತಿಳಿದೆವು. ಒಬ್ಬರನ್ನು ನೋಡಿಕೊಂಡ ಬಗೆಯನ್ನು ಕಂಡು, ನಾಳೆ ತಮಗೂ ಕೈ ನಡುಗಿದರೆ ಈ ಮನೆಯಲ್ಲಿ ಒಂದು ಬುಟ್ಟಿಯುಂಟೆಂಬ ಧೈರ್ಯ ಉಳಿದವರಿಗೆಲ್ಲ ಬಂದಿರಬೇಕು.

ಎರಡನೆಯ ಪಾಠವು ನಮಗೆ ದೊರೆತುದು ಯಕ್ಷಗಾನದ ಆಟದಲ್ಲಿ. ಸುಗ್ಗಿ ಕಳೆದ ಗದ್ದೆಯ ಬಯಲಿನಲ್ಲಿ ಚಾಪೆ ಹಾಸಿಕೊಂಡು ಬೆಳಗಿನವರೆಗೆ ಆಟ ನೋಡಿದವರ ಪೀಳಿಗೆ ನಮ್ಮದು. ಎಳೆಯರಾಗಿದ್ದಾಗ ನಮ್ಮ ದೃಷ್ಟಿಯೆಲ್ಲ ಕಿರೀಟ ಭುಜಕೀರ್ತಿಗಳ ಮೇಲೆ. ವಯಸ್ಸಾದಂತೆ ಅದು ಹಿಂದಕ್ಕೆ ಸರಿದು, ರಂಗಸ್ಥಳದ ಹಿಂಭಾಗದಲ್ಲಿ ತಾಳ ಹಿಡಿದು ಕುಳಿತ ಭಾಗವತರ ಮೇಲೆ ನಿಂತಿತು. ಅವರಿಗೆ ಬಣ್ಣವಿಲ್ಲ, ಕಿರೀಟವಿಲ್ಲ, ಕುಣಿತವಿಲ್ಲ. ತಲೆಗೊಂದು ಮುಂಡಾಸು ಮಾತ್ರ. ಆದರೂ ಮೇಳದಲ್ಲಿ ಅವರನ್ನು ಮೊದಲನೆಯ ವೇಷಧಾರಿಯೆಂದು ಕರೆಯುವ ವಾಡಿಕೆಯಿದೆ. ಆಟವೆಲ್ಲ ಅವರ ಕೈಯಲ್ಲಿರುವುದರಿಂದ ಆ ಹೆಸರು ಯಥಾರ್ಥವಾದುದು.

ಪ್ರಸಂಗದಲ್ಲಿ ಪದ್ಯಗಳು ಗೊತ್ತಾಗಿರುತ್ತವೆ. ವೇಷಧಾರಿಗಳ ಮಾತುಗಳನ್ನು ಮಾತ್ರ ಬರೆದಿಟ್ಟಿರುವುದಿಲ್ಲ. ಪದ್ಯದ ಅರ್ಥವನ್ನು ಹಿಡಿದು ಆಯಾ ಪಾತ್ರಧಾರಿಯು ಆ ಕ್ಷಣದಲ್ಲಿಯೇ ಮಾತನ್ನು ಕಟ್ಟಬೇಕು. ಒಬ್ಬನಿಗೆ ಆ ರಾತ್ರಿ ಸ್ಫೂರ್ತಿ ಬಂದಿರುತ್ತದೆ. ಇನ್ನೊಬ್ಬನಿಗೆ ಗಂಟಲು ಕಟ್ಟಿರುತ್ತದೆ. ಹೊಸದಾಗಿ ಗೆಜ್ಜೆ ಕಟ್ಟಿದ ಹುಡುಗನಿಗೆ ಕಾಲು ನಡುಗುತ್ತಿರುತ್ತದೆ. ಇದನ್ನೆಲ್ಲ ಭಾಗವತರು ಹಿಂದಿನಿಂದಲೇ ತಿಳಿಯುತ್ತಾರೆ. ಕುಣಿಯುವವನಲ್ಲಿ ಶಕ್ತಿಯಿದ್ದರೆ ಪದ್ಯವನ್ನು ಬೆಳೆಸುತ್ತಾರೆ; ದಣಿದಿದ್ದರೆ ಬೇಗ ಮುಗಿಸಿ ಉಸಿರಾಟಕ್ಕೆ ಎಡೆಕೊಡುತ್ತಾರೆ. ಮಾತು ಹಾದಿ ತಪ್ಪಿ ಬೆಳೆಯತೊಡಗಿದರೆ ಮುಂದಿನ ಪದ್ಯವನ್ನು ಎತ್ತಿ ಕಥೆಯನ್ನು ದಾರಿಗೆ ತರುತ್ತಾರೆ. ಹುಡುಗನು ಮಾತು ಮರೆತು ನಿಂತರೆ ಅದೇ ಸಾಲನ್ನು ಮತ್ತೊಮ್ಮೆ ಹಾಡಿ ಅವನಿಗೆ ನೆನಪು ಮಾಡಿಕೊಡುತ್ತಾರೆ. ಸಭೆಯು ಅದನ್ನು ಸಂಗೀತದ ಸೊಗಸೆಂದು ತಿಳಿದು ತಲೆದೂಗುತ್ತದೆ. ಬೆಳಗಾದ ಮೇಲೆ ಜನರು ಕರ್ಣನನ್ನೂ ಕೌರವನನ್ನೂ ಹೊಗಳುತ್ತ ಮನೆಗೆ ಹೋಗುತ್ತಾರೆ. ಅವರನ್ನು ಹೊಗಳುವಂತೆ ಮಾಡಿದವರು ಯಾರೆಂಬುದು ಆ ಕರ್ಣಕೌರವರಿಗೆ ಗೊತ್ತು, ಅಷ್ಟು ಸಾಕು.

ಇದು ಅಂಗಳದ ಮಾತಾಯಿತು, ಆಟದ ಮಾತಾಯಿತು. ದೊಡ್ಡ ಕಾರ್ಯಗಳನ್ನು ನಡೆಸುವವರಿಗೆ ಇಷ್ಟು ಸಾಲುವುದೆ ಎಂದು ಯಾರಾದರೂ ಕೇಳಬಹುದು. ಗಾಂಧಿಯವರು ತಮ್ಮ ಆತ್ಮಕಥೆಯಲ್ಲಿ ಹೇಳಿಕೊಂಡಿರುವ ಸಂಗತಿಗಳು ಇದಕ್ಕೆ ಉತ್ತರವಾಗಬಲ್ಲವು. 1901ರಲ್ಲಿ ಕಲ್ಕತ್ತೆಯ ಕಾಂಗ್ರೆಸ್ಸಿಗೆ ಹೋದಾಗ ಅವರಿಗೆ ಮೂವತ್ತೆರಡು ವರ್ಷ. ಅಲ್ಲಿ ಸ್ವಯಂಸೇವಕನೊಬ್ಬನಿಗೆ ಕೆಲಸ ಹೇಳಿದರೆ ಅವನು ಅದನ್ನು ಇನ್ನೊಬ್ಬನಿಗೆ ಹೇಳುವುದು, ಅವನು ಮತ್ತೊಬ್ಬನಿಗೆ ಹೇಳುವುದು. ಅಪ್ಪಣೆಯು ಊರೆಲ್ಲ ಸುತ್ತಿದರೂ ಕೆಲಸ ಮಾತ್ರ ಇದ್ದಲ್ಲಿಯೇ. ಪಾಯಿಖಾನೆಗಳ ಸ್ಥಿತಿ ಹೇಳತೀರದು. ಅದು ತಮ್ಮ ಕೆಲಸವಲ್ಲವೆಂದು ಸ್ವಯಂಸೇವಕರು ಹೇಳಿದಾಗ ಗಾಂಧಿಯವರು ಪೊರಕೆಯನ್ನು ಕೇಳಿ ಪಡೆದು ತಮ್ಮ ಕೈಯಿಂದ ಚೊಕ್ಕಟಮಾಡಿದರು. ಅನಂತರ ಕಾಂಗ್ರೆಸ್ಸಿನ ಕಚೇರಿಗೆ ಹೋಗಿ, ಏನಾದರೂ ಕೆಲಸವಿದೆಯೆ ಎಂದು ಕೇಳಿ, ಕಾಗದಪತ್ರಗಳಿಗೆ ಉತ್ತರ ಬರೆಯುವ ಗುಮಾಸ್ತೆಯ ಕೆಲಸಕ್ಕೆ ಕುಳಿತರು. ಮುಂದೆ ಒಂದು ದೇಶವನ್ನೇ ನಡೆಸಲಿದ್ದವರು ಆ ದೊಡ್ಡ ಸಭೆಯ ಒಳಹೊರಗನ್ನು ಅರಿತುಕೊಂಡುದು ಆ ಗುಮಾಸ್ತೆಯ ಮೇಜಿನಿಂದ.

ಇದೇ ಗಾಂಧಿಯವರು ದಕ್ಷಿಣ ಆಫ್ರಿಕದಲ್ಲಿ ವೆಚ್ಚವನ್ನು ತಗ್ಗಿಸುವುದಕ್ಕಾಗಿ ಬಟ್ಟೆ ಒಗೆಯುವುದನ್ನೂ ಇಸ್ತ್ರಿ ಮಾಡುವುದನ್ನೂ ಕಲಿತಿದ್ದರು. ಮೊದಲ ಸಲ ಗಂಜಿ ಹಾಕಿದ ಕಾಲರನ್ನು ಧರಿಸಿ ನ್ಯಾಯಾಲಯಕ್ಕೆ ಹೋದಾಗ, ಗಂಜಿ ಉದುರುವುದನ್ನು ಕಂಡು ಇತರ ವಕೀಲರು ನಕ್ಕರಂತೆ. 1912ರಲ್ಲಿ ಗೋಖಲೆಯವರು ಅಲ್ಲಿಗೆ ಹೋದಾಗ ಜೋಹಾನ್ಸ್‌ಬರ್ಗಿನಲ್ಲಿ ಒಂದು ಔತಣವಾಯಿತು. ಗೋಖಲೆಯವರ ಬಳಿಯಲ್ಲಿ ಅವರ ಗುರುಗಳಾದ ರಾನಡೆಯವರು ಕೊಟ್ಟ ಉತ್ತರೀಯವೊಂದಿತ್ತು. ವಿಶೇಷ ಸಂದರ್ಭಗಳಲ್ಲಿ ಮಾತ್ರ ಅವರು ಅದನ್ನು ಧರಿಸುತ್ತಿದ್ದರು. ಅದು ಮಡಿಕೆಬಿದ್ದು ಸುಕ್ಕಾಗಿತ್ತು. ಅದಕ್ಕೆ ಇಸ್ತ್ರಿ ಮಾಡುವುದಕ್ಕೆ ಗಾಂಧಿಯವರು ಮುಂದೆ ಬಂದಾಗ, ಅವರ ವಕೀಲಿಯಲ್ಲಿ ತಮಗೆ ಇರುವ ನಂಬಿಕೆ ಅವರ ಅಗಸತನದಲ್ಲಿ ಇಲ್ಲವೆಂದು ಗೋಖಲೆಯವರು ಹಿಂಜರಿದರಂತೆ. ಗಾಂಧಿಯವರು ಬಿಡದೆ ಇಸ್ತ್ರಿ ಮಾಡಿ, ಅವರ ಮೆಚ್ಚಿಕೆಯನ್ನು ಪಡೆದು, ಇನ್ನು ಲೋಕವೆಲ್ಲ ಒಪ್ಪದಿದ್ದರೂ ಚಿಂತೆಯಿಲ್ಲವೆಂದು ಸಂತೋಷಪಟ್ಟರು. ಗುರುವಿನ ಬಟ್ಟೆಯನ್ನು ಅಷ್ಟು ಜೋಪಾನದಿಂದ ಕಾಪಾಡಿದ ಒಬ್ಬರು. ಆ ಜೋಪಾನವನ್ನು ಅರ್ಥಮಾಡಿಕೊಂಡು ಅದರ ಮೇಲೆ ಕೈಯಿಟ್ಟ ಇನ್ನೊಬ್ಬರು. ಹಿರಿತನವು ಒಬ್ಬರಿಂದ ಒಬ್ಬರಿಗೆ ಸಾಗುವುದು ಬಹುಮಟ್ಟಿಗೆ ಹೀಗೆಯೇ. ತಾಯಿ ಪುತಲೀಬಾಯಿಯವರ ಚಾತುರ್ಮಾಸ್ಯದ ವ್ರತಗಳನ್ನು ಅವರು ನೆನೆದಿರುವುದನ್ನೂ ಇಲ್ಲಿ ಹೇಳಬಹುದು. ಸೂರ್ಯನನ್ನು ಕಾಣದೆ ಉಣ್ಣಲಾಗದೆಂದು ಆಕೆಯ ನಿಯಮ. ಮಳೆಗಾಲದ ಮೋಡದ ನಡುವೆ ಸೂರ್ಯನು ಇಣುಕಿದಾಗ ಮಕ್ಕಳು ಓಡಿ ಬಂದು ತಿಳಿಸುವರು. ತಾಯಿ ಹೊರಗೆ ಬರುವಷ್ಟರಲ್ಲಿ ಅವನು ಮರೆಯಾಗಿರುವನು. ಆಕೆ ನಗುತ್ತ ಒಳಗೆ ಹಿಂದಿರುಗುವರು. ಮುಂದೆ ಉಪವಾಸವು ಎಂಥ ಬಲವೆಂದು ಲೋಕಕ್ಕೆ ತೋರಿಸಿದವರು ಬಾಲ್ಯದಲ್ಲಿ ನೋಡಿದ ದೃಶ್ಯ ಅದು.

ಜನರನ್ನು ನೋಡಿಕೊಳ್ಳುವುದೆಂದರೆ ಅವರು ಹೇಳಿದುದಕ್ಕೆಲ್ಲ ಹೂಂಗುಟ್ಟುವುದೆಂದು ಕೆಲವರು ತಿಳಿಯುವುದುಂಟು. ನಮ್ಮ ದೊಡ್ಡಮ್ಮನನ್ನು ಕಂಡವರು ಹಾಗೆ ಹೇಳಲಾರರು. ಒಬ್ಬನು ಅಳತೆಯ ತಳದಲ್ಲಿ ಸಿಪ್ಪೆಯನ್ನು ತುಂಬಿ ಮೇಲೆ ಅಡಿಕೆ ಸುರಿದುದು ಒಂದು ರಾತ್ರಿ ಅವರ ಕಣ್ಣಿಗೆ ಬಿದ್ದಿತು. ಆಗ ಅವರು ಏನನ್ನೂ ಹೇಳಲಿಲ್ಲ. ಎಲ್ಲರೂ ಎದ್ದ ಮೇಲೆ ಅವನನ್ನು ಕೊಟ್ಟಿಗೆಯ ಕಡೆಗೆ ಕರೆದು, ಅಳತೆಯನ್ನು ಅವನ ಮುಂದೆಯೇ ಸುರಿಸಿ, ಮತ್ತೆ ತುಂಬಿಸಿದರು. ಕಡಮೆಯಾದ ಕೂಲಿಯನ್ನೇ ಕೊಟ್ಟರು. ಮರುದಿನ ಅವನಿಗೆ ಎಂದಿನ ಜಾಗ, ಎಂದಿನ ಕಾಫಿ. ತಪ್ಪಿಗೆ ರಿಯಾಯಿತಿಯಿಲ್ಲ, ಮನುಷ್ಯನಿಗೆ ತಿರಸ್ಕಾರವಿಲ್ಲ. ಈ ಎರಡನ್ನೂ ಏಕಕಾಲದಲ್ಲಿ ನಡೆಸುವುದು ಕಷ್ಟ. ಅದನ್ನು ಮಾಡುವವರನ್ನು ಒಮ್ಮೆ ಕಂಡಿದ್ದರೆ ಕಷ್ಟವು ಅರ್ಧಕ್ಕೆ ಇಳಿಯುತ್ತದೆ.

ನಮ್ಮ ಹುಡುಗಿ ಇದನ್ನೆಲ್ಲ ಕೇಳಿಕೊಂಡು ಹೋದಳು. ಕೆಲವು ವಾರಗಳ ಮೇಲೆ ಅವಳಿಂದ ಸುದ್ದಿ ಬಂತು. ಅರ್ಜಿ ಕೊಟ್ಟ ಮೂವರೊಡನೆಯೂ ಅವಳು ಬೇರೆಬೇರೆಯಾಗಿ ಕುಳಿತು ಮಾತನಾಡಿದ್ದಳು. ಒಬ್ಬಳ ತಾಯಿಗೆ ವಾರಕ್ಕೆ ಎರಡು ದಿನ ಡಯಾಲಿಸಿಸ್; ಆ ದಿನಗಳಲ್ಲಿಯೇ ಅವಳಿಗೆ ಬೆಳಗಿನ ಪಾಳಿ ಬೀಳುತ್ತಿತ್ತು. ಇನ್ನೊಬ್ಬಳು ಎಲ್ಲರಿಗಿಂತ ಕಿರಿಯಳು. ಹಬ್ಬದ ಹಿಂದಿನ ರಾತ್ರಿಯ ಪಾಳಿಯೆಲ್ಲ ಅವಳ ಪಾಲಿಗೇ ಬರುವುದು ಅಲ್ಲಿಯ ಹಳೆಯ ರೂಢಿ. ಹುಡುಗಿಯು ಪಾಳಿಯ ಪಟ್ಟಿಯನ್ನು ಗೊತ್ತುಮಾಡುವ ಮೊದಲು ಎರಡು ದಿನ ಎಲ್ಲರಿಗೂ ಕಾಣುವಂತೆ ತೂಗುಹಾಕಿ, ತಮ್ಮ ತಮ್ಮ ತೊಂದರೆಯನ್ನು ಅದರ ಮೇಲೆಯೇ ಗುರುತುಮಾಡಿರೆಂದು ಹೇಳಿದಳು. ಆ ಸಲದ ಹಬ್ಬದ ರಾತ್ರಿಯನ್ನು ತಾನು ತೆಗೆದುಕೊಂಡಳು. ಆ ಇಬ್ಬರೂ ಅರ್ಜಿಯನ್ನು ಹಿಂದಕ್ಕೆ ಪಡೆದರು. ಮೂರನೆಯವಳು ರೋಗಿಗಳ ಜ್ವರವನ್ನು ನೋಡದೆಯೇ ಪಟ್ಟಿಯಲ್ಲಿ ಅಂಕಿಗಳನ್ನು ತುಂಬುತ್ತಿದ್ದಳು. ಅವಳಿಗೆ ಏಕಾಂತದಲ್ಲಿ ಹೇಳಿದುದಾಯಿತು. ಅವಳು ತಿದ್ದಿಕೊಳ್ಳಲು ಒಪ್ಪಲಿಲ್ಲ. ವಿಷಯವನ್ನು ಮೇಲಿನವರಿಗೆ ತಿಳಿಸಬೇಕಾಯಿತು. ಅವಳು ಕೆಲಸವನ್ನು ಬಿಟ್ಟುಹೋದಳು. ‘ಚಿಕ್ಕಪ್ಪ, ಒಬ್ಬಳು ಹೋದುದಕ್ಕೆ ವ್ಯಸನವಿದೆ, ಆದರೆ ಹಾಸಿಗೆಯಲ್ಲಿದ್ದವರನ್ನು ಯಾರು ನೋಡಿಕೊಳ್ಳಬೇಕು? ಈಗ ನಮ್ಮ ವಾರ್ಡಿನಲ್ಲಿ ದೊಡ್ಡಜ್ಜಿಯ ಬುಟ್ಟಿ ಯಾವುದು ಎಂದು ದಿನವೂ ಹುಡುಕುತ್ತಿದ್ದೇನೆ’ ಎಂದು ಅವಳು ಹೇಳಿದ ಮಾತು ನಮ್ಮ ಮನಸ್ಸಿನಲ್ಲಿ ನಿಂತಿದೆ.

ಗೃಹಸ್ಥರಾದವರೆಲ್ಲರೂ ಒಂದಲ್ಲ ಒಂದು ಬಗೆಯಲ್ಲಿ ನಾಲ್ಕು ಜನರನ್ನು ನಡೆಸಬೇಕಾದವರೇ. ಮನೆಯ ಮಕ್ಕಳು, ಕಚೇರಿಯ ಕೈಕೆಳಗಿನವರು, ಸಂಘದ ಸದಸ್ಯರು, ಮದುವೆಗೆ ಬಂದ ನಂಟರು, ಎಲ್ಲಿಯೋ ಒಂದು ಕಡೆ ಯಜಮಾನಿಕೆಯು ನಮ್ಮ ಕೊರಳಿಗೆ ಬಿದ್ದೇ ತೀರುತ್ತದೆ. ಪುಸ್ತಕಗಳನ್ನು ಓದುವುದೂ ಶಿಬಿರಗಳಿಗೆ ಹೋಗುವುದೂ ಒಳ್ಳೆಯದೇ. ಅದರೊಡನೆ, ದಿನಕ್ಕೆ ಒಮ್ಮೆಯಾದರೂ, ತನಗೆ ವಹಿಸಿದುದನ್ನು ಚೆನ್ನಾಗಿ ನೋಡಿಕೊಳ್ಳುವ ಒಬ್ಬರನ್ನು ಕಣ್ಣಿಟ್ಟು ನೋಡುವ ಅಭ್ಯಾಸವನ್ನು ಮಾಡಿಕೊಂಡರೆ ಇನ್ನೂ ಒಳ್ಳೆಯದು. ಬಾಣಂತಿಯ ಮನೆಯನ್ನು ಹಿಡಿದು ನಿಲ್ಲಿಸುವ ಅಜ್ಜಿ, ಹಿಂದುಳಿದ ಹುಡುಗನ ಪಕ್ಕದಲ್ಲಿ ಜಾಣ ಹುಡುಗನನ್ನು ಕೂರಿಸುವ ಉಪಾಧ್ಯಾಯರು, ಪಂಕ್ತಿಯಲ್ಲಿ ಯಾರ ಎಲೆಗೆ ಸಾರು ಬಂದಿಲ್ಲವೆಂದು ದೂರದಿಂದಲೇ ಕಾಣುವ ಅಡುಗೆಯ ಭಟ್ಟರು, ಇವರು ಯಾರೂ ತಾವು ಪಾಠ ಹೇಳುತ್ತಿದ್ದೇವೆಂದು ತಿಳಿದಿಲ್ಲ. ದಕ್ಷಿಣೆಯನ್ನೂ ಕೇಳುವುದಿಲ್ಲ. ಅವರಿಂದ ಕಲಿತುದನ್ನು ನಮ್ಮ ಕೈಕೆಳಗಿನ ಒಬ್ಬರ ಮಟ್ಟಿಗೆ ನಡೆಸಿ ತೋರಿಸಿದರೆ ಅವರ ಋಣವು ಸಂದಂತೆ.